ವಾರ್ಡ್ ಮೆಂಬರ್ ಮೇಲೆ ದೂರು ಕೊಡ್ಲಿಕ್ಕೆ ಎಲ್ಲಿಗೆ ಹೋಗ್ಬೇಕು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಒಳಗೆ. ಅಮ್ಮನ ಹೆಸರು ಲೈಫ್ ಮನೆ ಪಟ್ಟಿಯಲ್ಲಿ (ಮನೆ ಇಲ್ಲದವರಿಗೆ ಇರುವ ಕೇರಳ ಸರಕಾರದ ಮನೆ ಯೋಜನೆ) ಉಂಟು, ಆದ್ರೆ ಅದು ಮುಂದೆ ಹೋಗ್ಬೇಕಾದ್ರೆ ಸ್ವಲ್ಪ ಖರ್ಚು ಆಗ್ತದೆ ಅಂತ ನಮ್ಮ ವಾರ್ಡ್ ಮೆಂಬರ್ 20,000 ಕೇಳಿದ್ರು, ನಾವು ಕೊಡ್ಲಿಲ್ಲ. ಗ್ರಾಮಸಭೆಯಲ್ಲಿ ನಾನು ಮನೆ ಪಟ್ಟಿ ಬಗ್ಗೆ ಎದ್ದು ಕೇಳಿದ್ದಕ್ಕೆ ಎಲ್ಲರ ಎದುರೇ ಕೆಟ್ಟದಾಗಿ ಬೈದ್ರು. ನಮ್ಮ ವಾರ್ಡಿನ ಕಾಂಕ್ರೀಟ್ ರಸ್ತೆ ಕೆಲಸ ಮಾಡಿದ್ದು ಅವರ ಭಾವ, ಮೊದಲ ಮಳೆಗೇ ಎದ್ದು ಹೋಗಿದೆ. ಕನ್ನಡದಲ್ಲಿ ದೂರು ಬರೆದು ಸೆಕ್ರೆಟರಿಗೆ ಕೊಟ್ರೆ "ಮೆಂಬರ್ ಮೇಲೆ ನಾನು ಏನೂ ಮಾಡ್ಲಿಕ್ಕಾಗೂದಿಲ್ಲ, ಮತ್ತೆ ಇದನ್ನು ಮಲಯಾಳದಲ್ಲಿ ಬರ್ದು ತನ್ನಿ" ಅಂದ್ರು. ಇವರನ್ನು ಮೆಂಬರ್ ಸ್ಥಾನದಿಂದ ತೆಗಿಸ್ಲಿಕ್ಕೆ ಆಗ್ತದಾ? ದೂರು ಕೊಟ್ರೆ ಅಮ್ಮನ ಪೆನ್ಷನಿಗೆ ತೊಂದರೆ ಮಾಡ್ತಾರಾ ಅಂತ ಹೆದರಿಕೆ ಕೂಡ ಉಂಟು.

ಉತ್ತರ:

ನಿಮ್ಮ ಸೆಕ್ರೆಟರಿ ಹೇಳಿದ್ದರಲ್ಲಿ ಮೊದಲನೇ ಮಾತು ಸರಿ, ಎರಡನೇದು ತಪ್ಪು. ಚುನಾವಣೆಯಲ್ಲಿ ಗೆದ್ದು ಬಂದ ಮೆಂಬರ್ ಮೇಲೆ ಸೆಕ್ರೆಟರಿಗೆ ಯಾವ ಶಿಸ್ತುಕ್ರಮದ ಅಧಿಕಾರವೂ ಇಲ್ಲ. ಪ್ರೆಸಿಡೆಂಟರಿಗೂ ಇಲ್ಲ. ಆಡಳಿತ ಸಮಿತಿ ಎಲ್ಲ ಸೇರಿ ರೆಸಲ್ಯೂಶನ್ ಪಾಸ್ ಮಾಡಿದ್ರೂ ಒಬ್ಬ ಮೆಂಬರನ್ನು ಸಸ್ಪೆಂಡ್ ಮಾಡ್ಲಿಕ್ಕೆ ಆಗೂದಿಲ್ಲ. ಅವಿಶ್ವಾಸ ನಿರ್ಣಯ ಅಂತ ಪೇಪರಲ್ಲಿ ಓದ್ತೀರಲ್ಲ, ಅದು ಪ್ರೆಸಿಡೆಂಟ್, ವೈಸ್ ಪ್ರೆಸಿಡೆಂಟ್ ಅಂಥ ಸ್ಥಾನದಲ್ಲಿ ಇರುವವರ ಮೇಲೆ ಮಾತ್ರ, ಅದು ಪಾಸ್ ಆದ್ರೂ ಅವರು ಕುರ್ಚಿ ಬಿಡ್ತಾರೆಯೇ ವಿನಾ ಮೆಂಬರ್ ಆಗಿ ಉಳೀತಾರೆ. ಮತದಾರರೇ ವಾಪಸ್ ಕರೆಸುವ ಹಕ್ಕು ಕೇರಳದ ಕಾನೂನಲ್ಲಿ ಇಲ್ಲ. ಕರ್ನಾಟಕದ ಪಂಚಾಯತ್ ಕಾನೂನಲ್ಲಿ ದುರ್ನಡತೆ ಅಂತ ಸರಕಾರವೇ ಮೆಂಬರನ್ನು ತೆಗಿಲಿಕ್ಕೆ ಒಂದು ದಾರಿ ಉಂಟು, ನಮ್ಮಲ್ಲಿ ಸುಮಾರು ಜನ ಮಂಗಳೂರಿನ ಪೇಪರ್ ಓದಿ ಇಲ್ಲಿಯೂ ಹಾಗೇ ಅಂತ ತಿಳ್ಕೊಂಡು ಮೇಲಧಿಕಾರಿಗಳಿಗೆ ಅರ್ಜಿ ಮೇಲೆ ಅರ್ಜಿ ಹಾಕ್ತಾ ಕೂತ್ಕೊಳ್ತಾರೆ. ನಮಗೆ ಅನ್ವಯ ಆಗೂದು 1994ರ ಕೇರಳ ಪಂಚಾಯತ್ ರಾಜ್ ಕಾನೂನು, ಮುನ್ಸಿಪಾಲಿಟಿಯವರಿಗೆ ಅದೇ ವರ್ಷದ ಮುನ್ಸಿಪಾಲಿಟಿ ಕಾನೂನು. ಅದ್ರಲ್ಲಿ ದಾರಿಗಳು ಬೇರೆಯೇ.

ನಾನು ವರ್ಷಗಟ್ಟಲೆ ಜನರಿಗೆ ಇಂಥ ದೂರುಗಳನ್ನು ಬರ್ದು ಕೊಟ್ಟಿದ್ದೇನೆ, ಬೇರೆಯವರು ಬರ್ದು ಬಿದ್ದು ಹೋದದ್ದನ್ನೂ ಓದಿದ್ದೇನೆ. ಬಿದ್ದು ಹೋಗುವ ದೂರುಗಳಲ್ಲಿ ಎಲ್ಲ ಒಟ್ಟಿಗೆ ಇರ್ತದೆ. ಮೆಂಬರ್ ಸರಿ ಇಲ್ಲ, ಅಹಂಕಾರ, ಲಂಚ ತಿಂತಾರೆ, ಪಕ್ಷದವರಿಗೆ ಮಾತ್ರ ಕೆಲಸ ಮಾಡ್ತಾರೆ, ಬೈತಾರೆ, ಆದ್ದರಿಂದ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ಇದನ್ನು ಓದುವ ಯಾವ ಆಫೀಸಿನವರೂ "ಇದು ನಮ್ಮ ವ್ಯಾಪ್ತಿಯಲ್ಲಿ ಇಲ್ಲ" ಅಂತ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡ್ತಾರೆ, ಯಾಕಂದ್ರೆ ನಿಜವಾಗಿಯೂ ಅದ್ರ ಅರ್ಧ ಅವರ ವ್ಯಾಪ್ತಿಯಲ್ಲಿ ಇರೂದಿಲ್ಲ. ನಿಮ್ಮ ಪ್ರಶ್ನೆಯಲ್ಲಿಯೇ ನೋಡಿ, ಮೂರು ಬೇರೆ ಬೇರೆ ವಿಷಯ ಉಂಟು: ದುಡ್ಡು ಕೇಳಿದ್ದು, ಬೈದದ್ದು, ರಸ್ತೆ ಕೆಲಸ. ಮೂರಕ್ಕೂ ಮೂರು ಕಡೆ ಹೋಗ್ಬೇಕು. ಆ ಮನುಷ್ಯ ಎಂಥವನು ಅಂತ ಬರೆಯೂದನ್ನು ಬಿಟ್ಟು, ಯಾವ ದಿನ ಎಲ್ಲಿ ಎಂತ ಮಾಡಿದ, ಯಾರು ಕೇಳಿಸ್ಕೊಂಡ್ರು ಅಂತ ಬರೀರಿ.

ದುಡ್ಡು ಕೇಳಿದ್ದನ್ನು ಮೊದಲು ತೆಗೊಳ್ತೇನೆ, ಅದೇ ದೊಡ್ಡದು. ಪಂಚಾಯತ್ ಮೆಂಬರ್ ಅಂದ್ರೆ 1988ರ ಭ್ರಷ್ಟಾಚಾರ ತಡೆ ಕಾನೂನಿನ ಪ್ರಕಾರ ಸಾರ್ವಜನಿಕ ಸೇವಕ, ವಿಲೇಜ್ ಆಫೀಸರ್ ಹೇಗೋ ಹಾಗೆಯೇ. ಕೇಳಿದ್ದೇ ಅಪರಾಧ, ನೀವು ಕೊಡ್ಬೇಕು ಅಂತಿಲ್ಲ. ಇದಕ್ಕೆ ಹೋಗ್ಬೇಕಾದದ್ದು ವಿಜಿಲೆನ್ಸಿಗೆ, ಅಂದ್ರೆ ಲಂಚದ ಕೇಸು ನೋಡುವ ಸರಕಾರದ ವಿಭಾಗಕ್ಕೆ, ಕಾಸರಗೋಡಲ್ಲಿಯೇ ಅವರ ಯೂನಿಟ್ ಉಂಟು, ಟೋಲ್ ಫ್ರೀ ನಂಬರ್ 1064. ಇನ್ನೊಮ್ಮೆ ಫೋನ್ ಮಾಡಿ ಕೇಳಿದ್ರೆ ಹೂಂ ಅಂತಲೂ ಹೇಳ್ಬೇಡಿ ಇಲ್ಲ ಅಂತಲೂ ಹೇಳ್ಬೇಡಿ, ದಿನ ಹೊತ್ತು ಬರ್ದಿಟ್ಟು ವಿಜಿಲೆನ್ಸಿಗೆ ತಿಳಿಸಿ. ಅವರು ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿ ಕೊಟ್ಟು ಕಳಿಸ್ತಾರೆ, ತೆಗೊಂಡವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿಗೆ ಮುಳುಗಿಸಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗ್ತದೆ, ಟ್ರಾಪ್ ಅಂತ ಹೇಳೂದು ಅದನ್ನೇ. ಹಾಗೆ ಮೊದಲೇ ತಿಳಿಸಿ ಕೊಟ್ಟ ದುಡ್ಡು ಲಂಚ ಕೊಟ್ಟದ್ದು ಅಂತ ಲೆಕ್ಕ ಆಗೂದಿಲ್ಲ.

ಇಲ್ಲಿ ಒಂದು ವಿಷಯ ನಮ್ಮ ಜನರಿಗೆ ಗೊತ್ತೇ ಇಲ್ಲ. 2018ರಲ್ಲಿ ಈ ಕಾನೂನಿಗೆ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರೂ ತಪ್ಪಿತಸ್ಥರೇ. ಬಲವಂತದಿಂದ ಕೊಡ್ಬೇಕಾಗಿ ಬಂತು ಅಂತಾದ್ರೆ 7 ದಿನದ ಒಳಗೆ ಪೊಲೀಸಿಗೋ ವಿಜಿಲೆನ್ಸಿಗೋ ತಿಳಿಸ್ಬೇಕು, ಆಗ ಮಾತ್ರ ಕೊಟ್ಟವರಿಗೆ ರಕ್ಷಣೆ. ನಿಮ್ಮ ಅಕ್ಕಪಕ್ಕದ ಮನೆಯವರು ಯಾರಾದ್ರೂ ಕೊಟ್ಟಿದ್ರೆ ಅವರ ಹೆಸರನ್ನು ಅವರಿಗೆ ಹೇಳದೆ ನಿಮ್ಮ ದೂರಿನಲ್ಲಿ ಸಾಕ್ಷಿ ಅಂತ ಹಾಕ್ಬೇಡಿ, ಅವರನ್ನು ನೀವೇ ಕೇಸಿಗೆ ಎಳ್ದು ಹಾಕಿದ ಹಾಗೆ ಆಗ್ತದೆ. ಮೊದಲು ಅವರ ಹತ್ರ ಕೂತು ಮಾತಾಡಿ. ಫೋನಲ್ಲಿ ರೆಕಾರ್ಡ್ ಆದದ್ದು ಇದ್ರೆ ವಾಟ್ಸಾಪಲ್ಲಿ ಕಳಿಸಿ ಕಳಿಸಿ ಒರಿಜಿನಲನ್ನು ಡಿಲೀಟ್ ಮಾಡ್ಬೇಡಿ, ಆ ಫೋನನ್ನು ಹಾಗೇ ಇಟ್ಕೊಳ್ಳಿ, ಮುಂದೆ ಕೋರ್ಟಿಗೆ ಕೊಡುವಾಗ ಒರಿಜಿನಲ್ ಎಲ್ಲಿ ಅಂತ ಕೇಳಿಯೇ ಕೇಳ್ತಾರೆ.

ಲೈಫ್ ಪಟ್ಟಿ ಬಗ್ಗೆ ನಿಮ್ಮ ಅಮ್ಮನಿಗೆ ಧೈರ್ಯ ಹೇಳ್ಲಿಕ್ಕೆ ಒಂದು ಮಾತು. ಪಂಚಾಯತಿನ ಯೋಜನೆಗಳಲ್ಲಿ ಯಾರಿಗೆ ಮೊದಲು ಅಂತ ಕ್ರಮ ನಿರ್ಣಯ ಆಗೂದು ಗ್ರಾಮಸಭೆಯಲ್ಲಿ, ಗ್ರಾಮಸಭೆ ಕೊಟ್ಟ ಆದ್ಯತಾ ಕ್ರಮವನ್ನು ಪಂಚಾಯತ್ ತನ್ನ ಇಷ್ಟಕ್ಕೆ ಬದಲಾಯಿಸುವ ಹಾಗಿಲ್ಲ ಅಂತ ಕಾನೂನಲ್ಲಿಯೇ ಉಂಟು. ಲೈಫ್ ಮನೆಗಂತೂ ಪಟ್ಟಿಯ ಮೇಲೆ ಅಪೀಲು ಹಾಕುವ ವ್ಯವಸ್ಥೆ ಕೂಡ ಮಾಡಿದ್ದಾರೆ. ಹೆಸರು ಮೇಲೆ ತರ್ತೇನೆ ಕೆಳಗೆ ಹಾಕ್ತೇನೆ ಅಂತ ಒಬ್ಬ ಮೆಂಬರ್ ಹೇಳೂದು ಬರೀ ಹೆದರಿಸ್ಲಿಕ್ಕೆ. ಆದ್ರೆ ಗ್ರಾಮಸಭೆಗೆ ಜನ ಬರದಿದ್ರೆ ಮಿನಿಟ್ಸಲ್ಲಿ ಯಾರು ಎಂತ ಬರ್ದ್ರು ಅಂತ ನೋಡುವವರು ಯಾರು? ಆ ಪುಸ್ತಕ ಓದಿ ನೋಡುವ ಹಕ್ಕು ನಿಮಗೆ ಉಂಟು, ದಯವಿಟ್ಟು ಓದಿ.

ಇನ್ನು ರಸ್ತೆ. ಭಾವ ಕೆಲಸ ಮಾಡಿದ ಅಂದ ಕೂಡ್ಲೆ ಮೆಂಬರ್ ಅನರ್ಹ ಆಗೂದಿಲ್ಲ. ಪಂಚಾಯತಿನ ಕೆಲಸದಲ್ಲಿ, ಕಾಂಟ್ರಾಕ್ಟಿನಲ್ಲಿ ಮೆಂಬರಿಗೇ ಪಾಲು ಇದ್ರೆ ಅದು ಅನರ್ಹತೆಯ ಕಾರಣ, ಸಂಬಂಧಿಕ ಅನ್ನೂದು ಅಷ್ಟರಲ್ಲಿ ಸಾಕಾಗೂದಿಲ್ಲ. ದುಡ್ಡು ಮೆಂಬರ್ ಕೈಗೆ ಬಂತು ಅಂತ ತೋರಿಸ್ಬೇಕು. ನಮ್ಮ ಕಡೆ ಸಣ್ಣ ಸಣ್ಣ ಕೆಲಸ ಸುಮಾರು ಫಲಾನುಭವಿ ಸಮಿತಿ ಹೆಸರಲ್ಲಿ ನಡೀತದೆ, ಕನ್ವೀನರ್ ಅಂತ ಊರಿನ ಯಾರೋ ಒಬ್ಬರು ಸೈನ್ ಹಾಕಿರ್ತಾರೆ, ಕೆಲಸ ಮಾಡಿದ್ದು, ಬಿಲ್ ದುಡ್ಡು ತೆಗೊಂಡದ್ದು ಬೇರೆಯವರು. ಹಾಗಾಗಿ ದೂರು ಬರೆಯುವ ಮೊದಲೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಎಸ್ಟಿಮೇಟ್, ಸಮಿತಿಯ ಸಭೆ ನಡೆದದ್ದರ ಮಿನಿಟ್ಸ್, ಎಗ್ರಿಮೆಂಟ್, ಎಂ ಬುಕ್ ಅಂದ್ರೆ ಇಂಜಿನಿಯರ್ ಅಳತೆ ಬರೆಯುವ ಪುಸ್ತಕ, ಬಿಲ್ಲು, ಯಾರ ಹೆಸರಿಗೆ ದುಡ್ಡು ಹೋಯ್ತು ಅನ್ನೂದು, ಮತ್ತೆ ಆ ಕೆಲಸಕ್ಕೆ ಮಂಜೂರಾತಿ ಕೊಟ್ಟ ಆಡಳಿತ ಸಮಿತಿ ಮೀಟಿಂಗಿನ ಮಿನಿಟ್ಸ್. ಕೊನೆಯದ್ದು ಮರೀಬೇಡಿ, ಯಾಕಂದ್ರೆ ತನಗೆ ಹಣದ ಹಿತಾಸಕ್ತಿ ಇರುವ ವಿಷಯದ ಚರ್ಚೆಯಲ್ಲಿ ಮೆಂಬರ್ ಕೂತ್ಕೊಳ್ಳುವ ಹಾಗಿಲ್ಲ, ಓಟು ಹಾಕುವ ಹಾಗೂ ಇಲ್ಲ, ಅವರು ಆ ದಿನ ಅಲ್ಲಿ ಇದ್ರಾ ಇಲ್ವಾ ಅಂತ ಅದ್ರಲ್ಲಿ ಗೊತ್ತಾಗ್ತದೆ. ಅರ್ಜಿಗೆ 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ್ರೆ ಆಯ್ತು, ಬಿಪಿಎಲ್ ಆದ್ರೆ ಅದೂ ಬೇಡ. 30 ದಿನದಲ್ಲಿ ಉತ್ತರ ಬರ್ಬೇಕು, ಬಾರದಿದ್ರೆ ಫಸ್ಟ್ ಅಪೀಲು. ಸ್ಟೇಟ್ ಆಡಿಟ್ ಡಿಪಾರ್ಟ್‌ಮೆಂಟಿನವರು ಪಂಚಾಯತಿನ ಲೆಕ್ಕ ನೋಡಿ ಬರ್ದ ರಿಪೋರ್ಟನ್ನೂ ಕೇಳಿ, ಕೆಲವು ಸಲ ನೀವು ಹುಡ್ಕುವ ವಿಷಯ ಅದ್ರಲ್ಲಿ ಆಗ್ಲೇ ಬರ್ದಿರ್ತದೆ.

ಕಾಗದ ಕೈಗೆ ಬಂದ ಮೇಲೆ ಓಂಬುಡ್ಸ್‌ಮನ್. ಇದು ಪಂಚಾಯತ್, ಮುನ್ಸಿಪಾಲಿಟಿ ಅಂಥ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಣೆ ಮಾಡ್ಲಿಕ್ಕೆ ಅಂತಲೇ ಇರುವ ವ್ಯವಸ್ಥೆ, 1999ರ ತಿದ್ದುಪಡಿಯಲ್ಲಿ ಪಂಚಾಯತ್ ರಾಜ್ ಕಾನೂನಿಗೆ ಸೇರಿದ್ದು. ಮೊದಲು 7 ಜನರ ಸಮಿತಿ ಆಗಿತ್ತು, ಮತ್ತೆ ಹೈಕೋರ್ಟ್ ಜಡ್ಜ್ ಆಗಿದ್ದ ಒಬ್ಬರು ಅಂತ ಮಾಡಿದ್ರು. ಮೆಂಬರ್, ಪ್ರೆಸಿಡೆಂಟ್, ಸೆಕ್ರೆಟರಿ, ನೌಕರರು ಎಲ್ಲ ಇದ್ರ ಕೆಳಗೆ ಬರ್ತಾರೆ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ಹೋಗಿ ಹೇಳ್ಬಹುದು. ಸಿವಿಲ್ ಕೋರ್ಟಿನ ಹಾಗೆ ಸಮನ್ಸ್ ಕಳಿಸಿ ಫೈಲ್ ತರಿಸುವ ಅಧಿಕಾರ ಅವರಿಗೆ ಉಂಟು. ಪಂಚಾಯತಿಗೆ ನಷ್ಟ ಆಗಿದ್ರೆ ಕಾರಣ ಆದವರಿಂದ ವಸೂಲು ಮಾಡಿಸ್ತಾರೆ, ನಾಗರಿಕನಿಗೆ ನಷ್ಟ ಆಗಿದ್ರೆ ಪರಿಹಾರ ಕೊಡಿಸ್ತಾರೆ, ಮಾಡ್ಬೇಕಾದ ಕೆಲಸ ಮಾಡದಿದ್ರೆ ಮಾಡಿಸ್ತಾರೆ, ಕ್ರಿಮಿನಲ್ ವಿಷಯ ಅಂತ ಕಂಡ್ರೆ ತನಿಖೆಗೆ ಕಳಿಸ್ತಾರೆ. ಆಫೀಸು ತಿರುವನಂತಪುರದಲ್ಲಿ, ನಮ್ಮಿಂದ ಐನೂರು ಕಿಲೋಮೀಟರಿಗೂ ಮೇಲೆ, ಅದನ್ನು ಕೇಳಿಯೇ ಅರ್ಧ ಜನ ಬಿಟ್ಟು ಬಿಡ್ತಾರೆ. ಬಿಡ್ಬೇಡಿ. ದೂರನ್ನು ಅಂಚೆಯಲ್ಲಿ ಕಳಿಸ್ಬಹುದು, ಜಿಲ್ಲೆಗಳಿಗೆ ಬಂದು ಸಿಟ್ಟಿಂಗ್ ಮಾಡುವ ಕ್ರಮ ಕೂಡ ಉಂಟು. ಹಾಳಾದ ರಸ್ತೆಗೆ ಇದೇ ಸರಿಯಾದ ಜಾಗ, ನನ್ನ ಅಭಿಪ್ರಾಯ ಕೇಳಿದ್ರೆ ಮೆಂಬರ್‌ಗಳ ಮೇಲಿನ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬರ್ಬೇಕಾದವು, ಆದ್ರೆ ನಮ್ಮ ಮಂಜೇಶ್ವರ ಕಾಸರಗೋಡು ತಾಲೂಕಿನ ಕನ್ನಡದವರಿಗೆ ಹೀಗೊಂದು ಆಫೀಸು ಉಂಟು ಅಂತ ಹೇಳಿದವರೇ ಕಡಿಮೆ, ಅದು ನನಗೆ ತುಂಬಾ ಬೇಜಾರಿನ ವಿಷಯ. ಕೋರ್ಟಲ್ಲಿ ಇರುವ ವಿಷಯವನ್ನು ಅವರು ಮುಟ್ಟೂದಿಲ್ಲ, ಮತ್ತೆ ಮನೆ ಕಟ್ಟುವ ಪರ್ಮಿಟ್ಟು, ಲೈಸೆನ್ಸು ಅಂಥದ್ದರ ಮೇಲಿನ ಅಪೀಲಿಗೆ ಬೇರೆ ಟ್ರಿಬ್ಯೂನಲ್ ಉಂಟು, ಅದನ್ನೆಲ್ಲ ಇದ್ರಲ್ಲಿ ಸೇರಿಸ್ಬೇಡಿ.

ಬೈದ ವಿಷಯಕ್ಕೆ ಬರುವ. ಇದ್ರಲ್ಲಿ ನಾನು ನಿಮಗೆ ಸುಳ್ಳು ಆಸೆ ಹುಟ್ಟಿಸ್ಲಿಕ್ಕಿಲ್ಲ. ಒರಟಾಗಿ ಮಾತಾಡಿದ್ರು, ಮರ್ಯಾದೆ ಕೊಡ್ಲಿಲ್ಲ ಅನ್ನೂದಕ್ಕೆ ಮೆಂಬರನ್ನು ಕೂರಿಸಿ ವಿಚಾರಣೆ ಮಾಡುವ ಆಫೀಸು ಜಿಲ್ಲೆಯಲ್ಲಿ ಇಲ್ಲ. ಗ್ರಾಮಸಭೆಗೆ ಅಧ್ಯಕ್ಷತೆ ಪ್ರೆಸಿಡೆಂಟರದ್ದು, ವಾರ್ಡ್ ಮೆಂಬರ್ ಕನ್ವೀನರ್. ಆ ದಿನದ ಮಿನಿಟ್ಸಲ್ಲಿ ನಿಮ್ಮ ಪ್ರಶ್ನೆ ದಾಖಲಾಗಿದೆಯಾ ನೋಡಿ, ಇಲ್ಲದಿದ್ರೆ ಪ್ರೆಸಿಡೆಂಟರಿಗೂ ಸೆಕ್ರೆಟರಿಗೂ ಬರವಣಿಗೆಯಲ್ಲಿ ತಿಳಿಸಿ, ಅಷ್ಟು ಮಾಡಿದ್ರೆ ಮುಂದೆ ಓಂಬುಡ್ಸ್‌ಮನ್ ಎದುರು ಹೇಳ್ಲಿಕ್ಕೆ ನಿಮಗೊಂದು ಆಧಾರ ಆಗ್ತದೆ. ಅವರ ಪಕ್ಷಕ್ಕೆ ಒಂದು ಕಾಗದ ಬರೆಯೂದು ಕೂಡ ವ್ಯರ್ಥ ಅಲ್ಲ, ಕೇರಳದಲ್ಲಿ ಪಕ್ಷದ ಲೋಕಲ್ ಕಮಿಟಿಯ ಮಾತಿಗೆ ಮೆಂಬರ್ ಬಗ್ಗೂದುಂಟು.

ಆದ್ರೆ ಬೈದದ್ದು ಎಂಥ ಬೈಗಳು ಅನ್ನೂದರ ಮೇಲೆ ಎಲ್ಲ ಬದಲಾಗ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಜಾತಿ ಹೆಸರು ಹಿಡಿದು ಎಲ್ಲರೆದುರು ಬೈದದ್ದಾದ್ರೆ 1989ರ ದೌರ್ಜನ್ಯ ತಡೆ ಕಾನೂನಲ್ಲಿ ಕೇಸು, ಡಿವೈಎಸ್‌ಪಿ ದರ್ಜೆಯ ಆಫೀಸರ್ ತನಿಖೆ ಮಾಡ್ಬೇಕು. ಹೆಂಗಸರ ಮಾನಕ್ಕೆ ಧಕ್ಕೆ ಬರುವ ಮಾತು, ಕೊಲ್ತೇನೆ ಹೊಡಿತೇನೆ ಅನ್ನುವ ಬೆದರಿಕೆ, ಇದೆಲ್ಲ ಪೊಲೀಸ್ ಸ್ಟೇಷನ್ ವಿಷಯ, ಮೆಂಬರ್ ಆದ ಕಾರಣ ಯಾವ ವಿನಾಯಿತಿಯೂ ಇಲ್ಲ. ಸ್ಟೇಷನಲ್ಲಿ ತೆಗೊಳ್ಳದಿದ್ರೆ ಅದನ್ನೇ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಳಿಸುವ ಹಕ್ಕು ಹೊಸ ಕ್ರಿಮಿನಲ್ ಕಾನೂನಲ್ಲಿಯೂ ಉಂಟು. ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘಗಳಲ್ಲಿ, ಮನೆ ಮನೆಯಿಂದ ಕಸ ಒಟ್ಟು ಮಾಡುವ ಹರಿತ ಕರ್ಮ ಸೇನೆಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಮೆಂಬರಿಂದ ಲೈಂಗಿಕ ಕಿರುಕುಳ ಆದ್ರೆ ಕೆಲಸದ ಜಾಗದ ಕಿರುಕುಳ ತಡೆಯುವ 2013ರ ಕಾನೂನಿನ ಸಮಿತಿಗೆ 3 ತಿಂಗಳ ಒಳಗೆ ದೂರು ಕೊಡ್ಬೇಕು, ಜಿಲ್ಲಾ ಮಟ್ಟದಲ್ಲಿಯೂ ಒಂದು ಲೋಕಲ್ ಕಮಿಟಿ ಇರ್ತದೆ. ನಿಮ್ಮ ವಿಷಯ ಇದಲ್ಲ ಅಂತ ಗೊತ್ತುಂಟು, ಓದುವ ಬೇರೆಯವರಿಗೆ ಆಗ್ತದೆ ಅಂತ ಹೇಳಿದೆ.

ಮೆಂಬರ್ ಸ್ಥಾನ ಹೋಗೂದು ಹೇಗೆ ಅಂತ ಕೇಳಿದ್ರಿ. ಅದನ್ನು ನಿರ್ಣಯ ಮಾಡುವವರು ರಾಜ್ಯ ಚುನಾವಣಾ ಆಯೋಗ. ಪಂಚಾಯತ್ ರಾಜ್ ಕಾನೂನಿನ 35ನೇ ಸೆಕ್ಷನಿನಲ್ಲಿ ಕಾರಣಗಳ ಪಟ್ಟಿ ಉಂಟು, ಅದ್ರಲ್ಲಿ ಇಲ್ಲದ ಕಾರಣಕ್ಕೆ ಯಾರೂ ತೆಗಿಲಿಕ್ಕಾಗೂದಿಲ್ಲ. ಪರ್ಮಿಶನ್ ಇಲ್ಲದೆ 3 ತಿಂಗಳು ಪಂಚಾಯತ್ ಮೀಟಿಂಗಿಗೋ ಸ್ಟ್ಯಾಂಡಿಂಗ್ ಕಮಿಟಿಗೋ ಬಾರದೆ ಇರೂದು, ಗ್ರಾಮಸಭೆ ಕರೆಯುವ ಜವಾಬ್ದಾರಿ ಇದ್ದೂ ಸತತವಾಗಿ ಕರೆಯದೆ ಇರೂದು, ಆಸ್ತಿ ವಿವರ ಕೊಡದೆ ಇರೂದು, ಕಾಂಟ್ರಾಕ್ಟಿನಲ್ಲಿ ಪಾಲು, ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆ ಆಗೂದು, ಇಂಥದ್ದು. ಪಕ್ಷಾಂತರಕ್ಕೆ 1999ರದ್ದೇ ಬೇರೊಂದು ಕಾನೂನು ಉಂಟು, ಅದೂ ಆಯೋಗದ ಎದುರೇ. 36ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕ್ಲಿಕ್ಕೆ ಬೇರೆ ಮೆಂಬರೇ ಆಗ್ಬೇಕು ಅಂತಿಲ್ಲ, ಆ ಚುನಾವಣೆಯಲ್ಲಿ ಓಟು ಹಾಕುವ ಹಕ್ಕಿದ್ದ ನಿಮ್ಮಂಥ ಮತದಾರರೂ ಹಾಕ್ಬಹುದು. ಆದ್ರೆ ಇದು ಕೋರ್ಟ್ ಕೇಸಿನ ಹಾಗೆಯೇ ನಡೀತದೆ, ಸಾಕ್ಷಿ, ಪಾಟೀಸವಾಲು ಎಲ್ಲ ಉಂಟು, ಇದಕ್ಕೆ ಮಾತ್ರ ವಕೀಲರನ್ನು ಇಟ್ಕೊಳ್ಳಿ ಅಂತ ನಾನು ಹೇಳ್ತೇನೆ. ನಿಮ್ಮ ವಾರ್ಡಲ್ಲಿ 3 ತಿಂಗಳಿಗೊಮ್ಮೆ ಗ್ರಾಮಸಭೆ ಸರಿಯಾಗಿ ನಡೆದಿದೆಯಾ, ಬರೀ ಪುಸ್ತಕದಲ್ಲಿ ನಡೆದಿದೆಯಾ ಅಂತ ನೋಡಿ. ದೊಡ್ಡ ಭ್ರಷ್ಟಾಚಾರ ಪ್ರೂವ್ ಮಾಡ್ಲಿಕ್ಕೆ ವರ್ಷ ಹಿಡೀತದೆ, ಗ್ರಾಮಸಭೆ ಕರೀಲಿಲ್ಲ ಅನ್ನೂದು ಒಂದು ರಿಜಿಸ್ಟರಿನಲ್ಲಿ ಗೊತ್ತಾಗ್ತದೆ. ಮತ್ತೆ, ಗೆಲ್ಲುವ ಮೊದಲೇ ಅವರಿಗೆ ಅನರ್ಹತೆ ಇತ್ತು ಅನ್ನುವ ವಾದ ಆದ್ರೆ ಅದು ಆಯೋಗಕ್ಕಲ್ಲ, ರಿಸಲ್ಟ್ ಬಂದು 30 ದಿನದೊಳಗೆ ಮುನ್ಸಿಫ್ ಕೋರ್ಟಿಗೆ.

ಈಗ ಭಾಷೆ. ಇದು ನನಗೆ ಸಿಟ್ಟು ಬರುವ ವಿಷಯ. ಹತ್ತು ಮೈಲು ದೂರದಿಂದ ಬಸ್ಸಲ್ಲಿ ಬಂದ ವಯಸ್ಸಾದವರನ್ನು ಮಲಯಾಳದಲ್ಲಿ ಬರ್ಸಿ ತನ್ನಿ ಅಂತ ವಾಪಸ್ ಕಳಿಸೂದು ದೂರು ತೆಗೊಳ್ಳದೆ ಇರ್ಲಿಕ್ಕೆ ಇರುವ ಸುಲಭದ ಉಪಾಯ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಯಾವ ಅಧಿಕಾರಿಗೂ ಕೊಡ್ಬಹುದು. ಅದಲ್ಲದೆ ಕೇರಳದ 1969ರ ಅಧಿಕೃತ ಭಾಷಾ ಕಾನೂನಲ್ಲಿಯೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಣೆ ಆದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲಿ ವ್ಯವಹಾರ ಮಾಡುವ ಹಕ್ಕು ಕೊಟ್ಟಿದ್ದಾರೆ, ಉತ್ತರ ಕೂಡ ಆ ಭಾಷೆಯಲ್ಲಿಯೇ ಕೊಡ್ಬೇಕು ಅಂತ ಉಂಟು. ನೀವು ಕನ್ನಡದ ಅರ್ಜಿಯನ್ನೇ ಪುನಃ ತೆಗೊಂಡು ಹೋಗಿ, ಕೆಳಗೆ ಒಂದು ಸಾಲು ಸೇರಿಸಿ, 350ನೇ ವಿಧಿ ಪ್ರಕಾರ ಕನ್ನಡದಲ್ಲಿ ಕೊಡ್ತಾ ಇದ್ದೇನೆ ಅಂತ, ಫ್ರಂಟ್ ಆಫೀಸಲ್ಲಿ ರಶೀದಿ ಕೇಳಿ. ಕೊಡದಿದ್ರೆ ಅಲ್ಲಿಂದಲೇ ಪೋಸ್ಟಾಫೀಸಿಗೆ ಹೋಗಿ ಅಕ್ನಾಲೆಜ್‌ಮೆಂಟ್ ಇಟ್ಟು ಕಳಿಸಿ. ತಿರುವನಂತಪುರಕ್ಕೆ ಕಳಿಸುವ ದೂರಿಗೆ ಮಾತ್ರ ಕನ್ನಡದ ಒರಿಜಿನಲ್ ಜೊತೆ ಮಲಯಾಳದ್ದೋ ಇಂಗ್ಲಿಷಿದ್ದೋ ಒಂದು ಪ್ರತಿ ಇಡಿ, ಹಕ್ಕು ಬಿಟ್ಟುಕೊಡ್ಲಿಕ್ಕೆ ಅಲ್ಲ, ಅಲ್ಲಿ ಅನುವಾದ ಮಾಡುವವರು ಸಿಗುವವರೆಗೆ ನಿಮ್ಮ ಫೈಲ್ ಕೂತ್ಕೊಳ್ಳೂದು ಬೇಡ ಅಂತ. ಮಾಹಿತಿ ಹಕ್ಕಿನ ಅರ್ಜಿಗೆ ಆ ಕಾನೂನಲ್ಲಿ ಭಾಷೆಯ ಮಾತು ಬೇರೆ ಇರೂದರಿಂದ ಅದನ್ನೂ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಹಾಕಿದ್ರೆ ತಿರಸ್ಕಾರ ಮಾಡ್ಲಿಕ್ಕೆ ನೆಪ ಸಿಗೂದಿಲ್ಲ.

ಒಂದು ಎಚ್ಚರಿಕೆ ಹೇಳ್ಲೇಬೇಕು. ಇದ್ರ ಮಧ್ಯೆ ಊರಿನ ವಾಟ್ಸಾಪ್ ಗ್ರೂಪಲ್ಲಿ "ನಮ್ಮ ಮೆಂಬರ್ ಕಳ್ಳ" ಅಂತ ವಾಯ್ಸ್ ಹಾಕ್ಬೇಡಿ, ಎಷ್ಟು ಸಿಟ್ಟು ಬಂದ್ರೂ. ಅಧಿಕಾರ ಇರುವ ಕಚೇರಿಗೆ ಒಳ್ಳೆ ಮನಸ್ಸಿಂದ ಕೊಟ್ಟ ದೂರು ಮಾನನಷ್ಟದ ಕಾನೂನಲ್ಲಿ ಅಪರಾಧ ಅಲ್ಲ, ಅದಕ್ಕೆ ವಿನಾಯಿತಿ ಬರ್ದೇ ಇಟ್ಟಿದ್ದಾರೆ. ಗ್ರೂಪಲ್ಲಿ ಹೇಳಿದ್ದಕ್ಕೆ ಆ ವಿನಾಯಿತಿ ಇಲ್ಲ, ಮತ್ತೆ ನಿಮ್ಮ ದೂರು ಹಿಂದೆ ಬಿದ್ದು ಅವರ ಕೇಸು ಮುಂದೆ ಬರ್ತದೆ. ಅವರ ಎದುರು ಪಕ್ಷದವರು ಬಂದು ನಾವು ಬರ್ದು ಕೊಡ್ತೇವೆ ನೀವು ಸೈನ್ ಹಾಕಿ ಅಂದ್ರೂ ಹಾಕ್ಬೇಡಿ, ಅವರಿಗೆ ಬೇಕಾದ್ದನ್ನೆಲ್ಲ ಸೇರಿಸಿ ಬಿಡ್ತಾರೆ, ಓಂಬುಡ್ಸ್‌ಮನ್ ಎದುರು ಅದು ರಾಜಕೀಯ ದ್ವೇಷದ ದೂರು ಅಂತ ಆಗಿ ಹೋಗ್ತದೆ.

ಅಮ್ಮನ ಪೆನ್ಷನ್ ವಿಷಯ. ಪೆನ್ಷನನ್ನು ಒಬ್ಬ ಮೆಂಬರ್ ನಿಲ್ಲಿಸ್ಲಿಕ್ಕೆ ಆಗೂದಿಲ್ಲ, ಅದು ಪಂಚಾಯತ್ ಕಚೇರಿಯ ಫೈಲಲ್ಲಿ ನಡೆಯುವ ಕೆಲಸ, ನಿಲ್ಲಿಸಿದ್ರೆ ಕಾರಣ ಕೇಳುವ ಹಕ್ಕು ನಿಮಗೆ ಉಂಟು. ಮಸ್ಟರಿಂಗ್ (ಪೆನ್ಷನ್ ತೆಗೊಳ್ಳುವವರು ಬದುಕಿದ್ದಾರೆ ಅಂತ ದಾಖಲು ಮಾಡೂದು), ಆದಾಯದ ಸರ್ಟಿಫಿಕೇಟು ಅಂತ ಏನಾದ್ರೂ ಬಾಕಿ ಇದ್ರೆ ದೂರು ಕೊಡುವ ಮೊದಲೇ ಅದನ್ನೆಲ್ಲ ಸರಿ ಮಾಡಿ ಇಡಿ, ಅವರಿಗೆ ಹಿಡ್ಕೊಳ್ಳಲಿಕ್ಕೆ ಒಂದು ಕಾರಣವೂ ಸಿಗ್ಬಾರದು. ಆಮೇಲೆಯೂ ಪೆನ್ಷನ್ ನಿಂತ್ರೆ, ಲೈಫ್ ಪಟ್ಟಿಯಲ್ಲಿ ಹೆಸರು ಹಿಂದೆ ಹೋದ್ರೆ, ಯಾವ ದಿನ ಗೊತ್ತಾಯ್ತು ಅಂತ ಬರ್ದು ಸೆಕ್ರೆಟರಿ ಹತ್ರ ಲಿಖಿತ ಕಾರಣ ಕೇಳಿ, ಆ ಕಾಗದದ ಪ್ರತಿಯನ್ನು ನಿಮ್ಮ ದೂರಿನ ನಂಬರ್ ಹಾಕಿ ಓಂಬುಡ್ಸ್‌ಮನಿಗೆ ಕಳಿಸಿ, ಮಧ್ಯಂತರ ಆದೇಶ ಬೇಕು ಅಂತ ಅದ್ರಲ್ಲಿಯೇ ಬರೀರಿ.